ಗ್ಲ್ಯಾಂಡಿನಿಂದ ನೀರು ಬರಲಿ ಬಿಡಿ ಮಾರಾಯ್ರೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಒಟ್ಟು 61 ದಿನ. ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ಮಲಗಿರುತ್ತವೆ, ಕಲಾಸಿಗಳು ಊರಿಗೆ ಹೋಗಿರುತ್ತಾರೆ. ವರ್ಕ್‌ಶಾಪಿನ ನಮಗೆ ಮಾತ್ರ ಊಟಕ್ಕೂ ಪುರುಸೊತ್ತಿಲ್ಲ. ಬೋಟನ್ನು ತಳ್ಳುವ ಫ್ಯಾನ್ ಬಿಚ್ಚು, ಅದನ್ನು ತಿರುಗಿಸುವ ಶಾಫ್ಟ್ ಎಳೆ, ಶಾಫ್ಟಿಗೆ ಆಧಾರವಾದ ಬುಷ್ ನೋಡು. ಆಗಸ್ಟ್ ಬಂತು, ಬೋಟು ಇಳಿಯಿತು ಅನ್ನುವಷ್ಟರಲ್ಲಿ ಫೋನು ಶುರು.

"ಶಾಫ್ಟಿನ ಹತ್ರ ನೀರು ಬರ್ತಾ ಉಂಟು. ನೀವು ಎಂತ ಕೆಲಸ ಮಾಡಿದ್ದು?"

"ನಿಮಿಷಕ್ಕೆ ಎಷ್ಟು ಹನಿ?" ಅಂತ ಕೇಳುತ್ತೇನೆ. ಆ ಕಡೆಯಿಂದ ಮಾತಿಲ್ಲ. ಯಾರೂ ಎಣಿಸಿರುವುದಿಲ್ಲ. ಆದರೆ ಫೋನ್ ಮಾಡುವ ಮೊದಲೇ ಸ್ಪ್ಯಾನರ್ ಹಾಕಿ ನಟ್ ಬಿಗಿ ಮಾಡಿ ಆಗಿರುತ್ತದೆ.

ಇಪ್ಪತ್ತು ವರ್ಷದಿಂದ ಇದೇ ಮಾತು ಹೇಳುತ್ತಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕಬೇಕು. ಇಂಜಿನ್ ಒಳಗೆ, ಫ್ಯಾನ್ ಹೊರಗೆ. ಶಾಫ್ಟ್ ಹೊರಗೆ ಹೋಗುವಲ್ಲಿ ಸಮುದ್ರ ಒಳಗೆ ಬರದ ಹಾಗೆ ಸುತ್ತಲೂ ಪ್ಯಾಕಿಂಗ್ ದಾರ ತುಂಬಿರುತ್ತೇವೆ. ಆ ದಾರವನ್ನು ನಟ್ ಬಿಗಿದು ಒತ್ತಿ ಹಿಡಿಯುವುದೇ ಗ್ಲ್ಯಾಂಡ್. ಶಾಫ್ಟ್ ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತದೆ, ದಾರ ಇದ್ದಲ್ಲೇ ಇರುತ್ತದೆ. ಎರಡರ ನಡುವೆ ಜಾರಲು ಏನಾದರೂ ಬೇಕಲ್ವಾ? ನೀರೇ ಅಲ್ಲಿ ಎಣ್ಣೆ. ಬಿಸಿಯನ್ನು ಹೊತ್ತು ಹೊರಗೆ ತರುವುದೂ ಅದೇ ನೀರು.

ಲೆಕ್ಕ ಹಾಕಿ ನೋಡಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ 10 ಹನಿ ಬಂದರೂ ಗಂಟೆಗೆ 30 ಮಿಲಿಲೀಟರ್. ಇಂಜಿನ್ ಹಗಲು ರಾತ್ರಿ ಓಡಿದರೂ 24 ಗಂಟೆಗೆ 720, ಅಂದರೆ ಒಂದು ಲೀಟರಿನ ಬಾಟ್ಲಿ ತುಂಬುವುದಿಲ್ಲ. ಮೀನು ತೊಳೆದ ನೀರು, ಕರಗಿದ ಮಂಜುಗಡ್ಡೆಯ ನೀರು ಎಷ್ಟೋ ಕೊಡ ಪಂಪಿನಿಂದ ಹೊರಗೆ ಹೋಗುತ್ತದೆ. ಅದರ ಚಿಂತೆ ಯಾರಿಗೂ ಇಲ್ಲ. ಈ ಮುಕ್ಕಾಲು ಲೀಟರಿಗೆ ನಿದ್ದೆ ಬರುವುದಿಲ್ಲ!

ಹತ್ತು ಅಂದದ್ದನ್ನು ಶಾಸನ ಮಾಡಿಕೊಳ್ಳಬೇಡಿ. ಶಾಫ್ಟಿನ ದಪ್ಪ, ದಾರದ ಜಾತಿ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಹನಿ ಬೀಳದ ಹೊಸ ನಮೂನೆಯ ಸೀಲ್ ಹಾಕಿದ್ದರೆ ಈ ಮಾತು ಅದಕ್ಕಲ್ಲ, ಅದರ ಜೊತೆ ಬಂದ ಪುಸ್ತಕ ನೋಡಿ. ಧಾರೆ ಕಟ್ಟಿ ಬಂದರೆ ಖಂಡಿತ ಕರೆಯಿರಿ, ರಾತ್ರಿಯಾದರೂ ಬರುತ್ತೇನೆ.

ಒಂದು ವರ್ಷ ಹೀಗಾಯಿತು. ಹತ್ತು ದಿನಕ್ಕೆಂದು ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟು ನಾಲ್ಕನೇ ದಿನ ಇನ್ನೊಂದು ಬೋಟಿನ ಹಗ್ಗಕ್ಕೆ ಕಟ್ಟಿಕೊಂಡು ವಾಪಸ್ ಬಂತು. ಭಟ್ಕಳದ ಆಚೆ ಇಂಜಿನ್ ರೂಮಿನಲ್ಲಿ ಸುಟ್ಟ ವಾಸನೆ ಬಂತಂತೆ. ಗ್ಲ್ಯಾಂಡ್ ಬಿಚ್ಚಿದೆ. ದಾರ ಕರಟದ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು, ಕೊಕ್ಕೆ ಹಾಕಿ ಕೆರೆದರೆ ಪುಡಿಪುಡಿ. ಶಾಫ್ಟ್ ಮೇಲೆ ಬೆರಳು ಸವರಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು. ಓನರ್ ಪಕ್ಕದಲ್ಲೇ ನಿಂತಿದ್ದರು. "ಒಂದು ತೊಟ್ಟು ನೀರು ಬರ್ತಾ ಇರ್ಲಿಲ್ಲ ಮಾರಾಯ್ರೆ, ಅಷ್ಟು ಒಳ್ಳೆದಿತ್ತು!" ಅಂದರು. ಹುಡುಗನೊಬ್ಬನಿಗೆ ದಿನಾ ಬೆಳಿಗ್ಗೆ ಅರ್ಧ ಸುತ್ತು ಬಿಗಿ ಮಾಡಲು ಹೇಳಿದ್ದರಂತೆ. ಅವನು ಪಾಪ, ಒಂದು ದಿನವೂ ತಪ್ಪಿಸಿರಲಿಲ್ಲ.

ಗೆರೆ ಬಿದ್ದ ಶಾಫ್ಟ್ ಅರದ ಹಾಗೆ. ಹೊಸ ದಾರ ಹಾಕಿದರೆ ಅದನ್ನೂ ತಿನ್ನುತ್ತದೆ. ತಿಂದ ಮೇಲೆ ನೀರು ಜಾಸ್ತಿ ಬರುತ್ತದೆ. ನೀರು ಜಾಸ್ತಿ ಬಂದರೆ ಮತ್ತೆ ಬಿಗಿ ಮಾಡುತ್ತಾರೆ. ಕೊನೆಗೆ ಲೇತಿಗೆ ಕೊಡಬೇಕು, ಇಲ್ಲವೇ ಶಾಫ್ಟೇ ಹೊಸದು.

ಹೊಸ ದಾರ ಹಾಕಿದಾಗ ನಟ್ ಕೈಯಲ್ಲೇ ತಿರುಗಿಸಿ ಬಿಡಿ. ಮೊದಲ ಒಂದೆರಡು ಗಂಟೆ ಧಾರಾಳ ಸೋರಲಿ, ಧಾರೆ ಕಂಡರೂ ಆಗ ಹೆದರಬೇಡಿ. ಆಮೇಲೆ ಇಂಜಿನ್ ನಿಲ್ಲಿಸಿ ಎರಡೂ ಕಡೆಯ ನಟ್ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಎಳೆದರೆ ಗ್ಲ್ಯಾಂಡ್ ಓರೆಯಾಗಿ ಶಾಫ್ಟಿಗೆ ಉಜ್ಜುತ್ತದೆ. ಹಳೆ ದಾರದ ಮೇಲೆ ಹೊಸದು ತುರುಕುವುದು, ಒಂದೇ ಉದ್ದ ದಾರವನ್ನು ಸುರುಳಿ ಸುತ್ತುವುದು, ಇವೆರಡೂ ಬೇಡ. ಒಂದೊಂದು ಬಳೆ ಬೇರೆಯಾಗಿ ಕತ್ತರಿಸಿ, ಜೋಡಣೆಗಳು ಒಂದೇ ಸಾಲಿಗೆ ಬಾರದ ಹಾಗೆ ಕೂರಿಸಿ. ಗ್ಲ್ಯಾಂಡ್ ಮುಟ್ಟಿದರೆ ಬೆಚ್ಚಗಿದ್ದರೆ ಸರಿ, ಕೈ ಹಿಂದೆ ತೆಗೆಯುವ ಹಾಗಿದ್ದರೆ ಬಿಗಿ ಜಾಸ್ತಿ. ಇಂಜಿನ್ ನಿಲ್ಲಿಸಿಯೇ ಮುಟ್ಟಿ. ಶಾಫ್ಟ್ ತಿರುಗುವಾಗ ಹೆಗಲ ಮೇಲೆ ಬೈರಾಸ್ ಹಾಕಿಕೊಂಡು ಬಗ್ಗಬೇಡಿ.

ಹೊರಗಿನ ಬುಷ್‌ಗೂ ಕುಡಿಯಲು ನೀರೇ ಬೇಕು. ಒಳಗಡೆ ರಬ್ಬರಿನಲ್ಲಿ ಉದ್ದುದ್ದ ಗೆರೆ ಇರುತ್ತದಲ್ಲ, ಅದು ಚಂದಕ್ಕಲ್ಲ. ಅದರಲ್ಲಿ ನೀರು ಹರಿದು ಹೊಯ್ಗೆಯನ್ನು ತೊಳೆದುಕೊಂಡು ಹೋಗುತ್ತದೆ. ಕೆಲವರು ಪ್ರೀತಿಯಿಂದ ಗ್ರೀಸ್ ತುಂಬಿ ದಾರಿಯನ್ನೇ ಮುಚ್ಚಿಬಿಡುತ್ತಾರೆ. ಹಿಂದೆ ಹಡಗುಗಳಲ್ಲಿ ಹಿತ್ತಾಳೆಯ ಬುಷ್ ಬೇಗ ಬೇಗ ಸವೆದು ದೊಡ್ಡ ತಲೆನೋವಾಗಿತ್ತು. 1854ರಲ್ಲಿ ಜಾನ್ ಪೆನ್ ಎಂಬ ಇಂಗ್ಲೆಂಡಿನ ಇಂಜಿನಿಯರ್ ಮರದ ಪಟ್ಟಿಗಳ ಬುಷ್‌ಗೆ ಪೇಟೆಂಟ್ ಪಡೆದರು. ಮರ ಅಂದರೆ ನೀರಿನಲ್ಲಿ ಮುಳುಗುವಷ್ಟು ಭಾರದ ಲಿಗ್ನಮ್ ವೈಟೆ. ಪಟ್ಟಿಗಳ ನಡುವೆ ಸಮುದ್ರದ ನೀರು ಹರಿಯುತ್ತಿತ್ತು, ಅಷ್ಟೇ ಉಪಾಯ. ಈಗ ಮರದ ಜಾಗಕ್ಕೆ ರಬ್ಬರ್ ಬಂದಿದೆ.

ಬುಷ್ ಒಂದೇ ಬದಿಗೆ ಸವೆದಿದ್ದರೆ ಬುಷ್ ಬದಲಾಯಿಸಿ ಸುಮ್ನೆ ಮನೆಗೆ ಹೋಗಬೇಡಿ. ಇಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಇಲ್ಲದಿರಬಹುದು. ಅದನ್ನು ಬೋಟು ದಡದಲ್ಲಿರುವಾಗ ನೋಡಿದರೆ ಸಾಲದು. ಎರಡು ತಿಂಗಳು ಒಣಗಿದ ಬೋಟಿನ ಮರ ನೀರಿಗೆ ಬಿದ್ದ ಮೇಲೆ ಉಬ್ಬುತ್ತದೆ, ಮೈ ಸ್ವಲ್ಪ ಬಾಗುತ್ತದೆ. ಇಳಿಸಿ ಒಂದೆರಡು ದಿನ ಬಿಟ್ಟು ಇಂಜಿನ್ ಮತ್ತು ಶಾಫ್ಟ್ ಸೇರುವ ಕಪ್ಲಿಂಗ್ ಬಿಚ್ಚಿ, ಸಂದಿಗೆ ಗೇಜ್ ಹಾಕಿ ನೋಡಬೇಕು. ಆಗಸ್ಟಿನಲ್ಲಿ ಆ ಎರಡು ದಿನ ಕೇಳಿದರೆ ಓನರುಗಳ ಮುಖ ನೋಡಬೇಕು ನೀವು.

ಭಟ್ಕಳದ ಆಚೆ ದಾರ ಸುಟ್ಟುಕೊಂಡ ಆ ಓನರ್ ಈಗಲೂ ನನ್ನ ಹತ್ತಿರವೇ ಬರುತ್ತಾರೆ. ಬೋಟು ಹೊರಡುವ ಮೊದಲು ಹುಡುಗನ ಕೈಗೆ ಟಾರ್ಚ್ ಕೊಟ್ಟು ಗ್ಲ್ಯಾಂಡಿನ ಹತ್ತಿರ ಕೂರಿಸುತ್ತಾರೆ. ಮೊನ್ನೆ ಬೆಳಗಿನ ಜಾವ ನಾಲ್ಕು ಗಂಟೆಗೆ ಫೋನ್.

"ಹನ್ನೆರಡು ಉಂಟು. ಎಂತ ಮಾಡುವ?"

"ಎಂತ ಮಾಡ್ಬೇಡಿ, ಹೋಗಿ ಮೀನು ಹಿಡೀರಿ," ಅಂದೆ.