ಟೆಟನಿಗೆ ಟಿಟಿ ಮದ್ದಲ್ಲ

‘ಕೈ ಸೆಟೆದುಕೊಂಡರೆ ತಡಮಾಡದೆ ಟಿಟಿ ಹಾಕಿಸಿ’ ಎಂಬ ಸಂದೇಶ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಬರೆದಿರುವ ಲಕ್ಷಣ ಟೆಟನಿಯದು, ಅಂದರೆ ಸಾಮಾನ್ಯವಾಗಿ ರಕ್ತದ ಕ್ಯಾಲ್ಸಿಯಂ ಇಳಿದು ಸ್ನಾಯು ಸೆಟೆದುಕೊಳ್ಳುವ ತೊಂದರೆಯದು; ಹೇಳಿರುವ ಇಂಜೆಕ್ಷನ್ ಟೆಟನಸ್‌ನದು, ಅಂದರೆ ಧನುರ್ವಾಯು ಬಾರದಂತೆ ಹಾಕುವ ಲಸಿಕೆ. (ಟೆಟನಸ್ ಶುರುವಾದ ಮೇಲೆ ಬರೀ ಟಿಟಿ ಸಾಲದು, ಅದು ಬೇರೆ ಮಾತು.)

ಎರಡು ಪದಗಳಿಗೂ ಬೇರು ಒಂದೇ, ಗ್ರೀಕಿನ ‘ತೈನೈನ್’. ಎಳೆದು ಬಿಗಿಸು ಎಂದರ್ಥ. ಸಂಸ್ಕೃತದ ‘ತನ್’ ಧಾತು ಇದರ ದಾಯಾದಿ. ತಂತು, ತಂತಿ, ಸಂಗೀತದ ತಾನ ಎಲ್ಲ ಅದರ ಸಂತಾನವೇ, ‘ಸಂತಾನ’ವೂ ಸಹ. ಬೆನ್ನು ಬಿಲ್ಲಿನಂತೆ ಬಾಗುವ ಟೆಟನಸ್‌ಗೆ ‘ಧನುರ್ವಾಯು’ ಅಳತೆ ತೆಗೆದು ಹೊಲಿದಂಥ ಹೆಸರು. ಟೆಟನಿಗೆ ಅಂಥದ್ದೊಂದು ರೂಢಿಯಾಗಲಿಲ್ಲ, ಹಾಗಾಗಿ ಅದಕ್ಕೂ ಧನುರ್ವಾಯುವನ್ನೇ ತಗಲಿಸುತ್ತಾರೆ. ಟೆಟನಿಯನ್ನು ‘ಸೆಟೆತ’ ಎಂದು ಕರೆದರೆ ನಷ್ಟವೇನು?

ಧನುರ್ವಾಯುವಿಗೆ ಬ್ಯಾಕ್ಟೀರಿಯಾ ಕಾರಣ. ತೋಟದಲ್ಲಿ ಕತ್ತಿ ತಾಗಿ, ಮಣ್ಣು ಗೊಬ್ಬರ ಮೆತ್ತಿದ ಗಾಯದೊಳಗೆ ಅದು ಬೆಳೆಯುತ್ತದೆ. ಅದರ ವಿಷ ನರದ ಗುಂಟ ಬೆನ್ನುಹುರಿಗೆ ಏರಿ, ಸ್ನಾಯುವಿಗೆ ‘ಸಾಕು’ ಎನ್ನುವ ನರಕೋಶಗಳ ಬಾಯಿ ಕಟ್ಟುತ್ತದೆ. ಸಾಮಾನ್ಯವಾಗಿ ಮೊದಲು ಕಚ್ಚಿಕೊಳ್ಳುವುದು ದವಡೆ.

ಸೆಟೆತದಲ್ಲಿ ಗಾಯವೂ ಇಲ್ಲ, ವಿಷವೂ ಇಲ್ಲ. ಕ್ಯಾಲ್ಸಿಯಂ ಇಳಿದರೆ ನರ ಮಂಕಾಗಬೇಕಲ್ಲ ಎಂದು ತೋರುತ್ತದೆ; ಆಗುವುದು ತದ್ವಿರುದ್ಧ. ನರದ ಪೊರೆಯ ಹೊರಗಿರುವ ಕ್ಯಾಲ್ಸಿಯಂ, ಸೋಡಿಯಂ ಒಳಬರುವ ಬಾಗಿಲುಗಳನ್ನು ಅಂಕೆಯಲ್ಲಿಡುತ್ತದೆ. ಅದು ಕಡಿಮೆಯಾದರೆ ಬಾಗಿಲುಗಳು ಸಣ್ಣ ನೆಪಕ್ಕೂ ತೆರೆದುಕೊಂಡು, ನರ ಕಾರಣವಿಲ್ಲದೆ ಸಂಕೇತ ಕಳಿಸತೊಡಗುತ್ತದೆ. ತುಟಿಯ ಸುತ್ತ ಜುಮುಜುಮು, ಆಮೇಲೆ ಕೈ. ಬಳೆಗಾರನ ಮುಂದೆ ಹೆಬ್ಬೆರಳನ್ನು ಅಂಗೈಗೆ ಮಡಚಿ, ಉಳಿದ ಬೆರಳುಗಳನ್ನು ನೆಟ್ಟಗೆ ಕೂಡಿಸಿ ಹಿಡಿಯುತ್ತಾರಲ್ಲ, ಅದೇ ಭಂಗಿ; ಮಣಿಕಟ್ಟೂ ಒಳಕ್ಕೆ ಬಾಗಿರುತ್ತದೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಮೇಲಿನ ಅಂಕಿಗಿಂತ 20 ಹೆಚ್ಚು ಒತ್ತಡದಲ್ಲಿ 3 ನಿಮಿಷ ಬಿಟ್ಟು ವೈದ್ಯರು ನೋಡುವುದು ಇದನ್ನೇ.

ಗಾಬರಿಯಲ್ಲಿ ಏದುಸಿರು ಬಿಟ್ಟಾಗಲೂ ಹೀಗಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರವಾದರೆ, ಬಿಡಿಯಾಗಿದ್ದ ಕ್ಯಾಲ್ಸಿಯಂ ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ ಡೆಸಿಲೀಟರಿಗೆ 8.5–10.5 ಮಿ.ಗ್ರಾಂ ನಡುವೆ ಸುಖವಾಗಿ ಕೂತಿರುತ್ತದೆ. ‘ರಿಪೋರ್ಟ್ ನಾರ್ಮಲ್’ ಎಂದು ಮನೆಗೆ ಬರುತ್ತಾರೆ. ನರಕ್ಕೆ ಲೆಕ್ಕ ಬಿಡಿ ಕ್ಯಾಲ್ಸಿಯಂನದು. ಅಯನೈಸ್ಡ್ ಎಂದು ಬರೆಸಿ ಪರೀಕ್ಷಿಸಬೇಕು.

ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಏರದಿದ್ದರೆ ಮೆಗ್ನೀಷಿಯಂ ನೋಡಬೇಕು. ಅದು ತೀರಾ ತಗ್ಗಿದರೆ, ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಸರಿಯಾಗಿ ಸ್ರವಿಸುವುದಿಲ್ಲ. ಮೆಗ್ನೀಷಿಯಂ ಹೆಚ್ಚಾದರೆ ಉಲ್ಟಾ: ನರದ ತುದಿಗೆ ಕ್ಯಾಲ್ಸಿಯಂ ನುಗ್ಗಲು ಬಿಡದೆ ಸಂಕೇತವನ್ನೇ ತಡೆಯುತ್ತದೆ. ಗರ್ಭಿಣಿಯರ ಫಿಟ್ಸ್‌ಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುವಾಗ, ಮುಂದಿನ ಡೋಸ್‌ಗೆ ಮೊದಲು ಉಸಿರು, ಮೂತ್ರದ ಪ್ರಮಾಣ ನೋಡುವುದರ ಜೊತೆಗೆ ಮಂಡಿ ತಟ್ಟುವುದು ಇದಕ್ಕೇ. ಕಾಲು ಚಿಮ್ಮದಿದ್ದರೆ ಡೋಸ್ ನಿಲ್ಲಿಸುತ್ತಾರೆ. ಉಸಿರೂ ಕುಗ್ಗಿದರೆ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ.