ಅಕ್ವೇರಿಯಂ ಮುಚ್ಚಳ: ಗಾಜಿಗಿಂತ ಸಂದಿಯ ಲೆಕ್ಕ

ಮುಚ್ಚಳ ಇದ್ದ ಟ್ಯಾಂಕಿನಿಂದಲೂ ಮೀನು ಹೊರಗೆ ಬೀಳುತ್ತದೆ. ಬೆಳಗ್ಗೆ ನೋಡಿದರೆ ಸ್ಟ್ಯಾಂಡಿನ ಹಿಂದೆ, ಗೋಡೆ ಬದಿಗೆ ಒಣಗಿ ಬಿದ್ದಿರುತ್ತದೆ. ಮುಚ್ಚಳ ಮಾತ್ರ ಇಟ್ಟಲ್ಲೇ ಇರುತ್ತದೆ. ಮೀನು ಹೊರಬಿದ್ದ ದಾರಿ ಹೆಚ್ಚಿನ ಸಲ ಒಂದೇ: ಪೈಪು, ವೈರು ಇಳಿಯಲಿ ಎಂದು ಹಿಂದಿನ ಮೂಲೆಯಲ್ಲಿ ಬಿಟ್ಟ ಸಂದಿ.

ಮೀನು ಆ ಮೂಲೆಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಇನ್ನೊಂದು ಮೀನು ಬೆನ್ನುಹತ್ತಿದಾಗ ಅದು ಗಾಜಿನ ಗುಂಟ ಓಡಿ ಮೂಲೆಗೆ ಬಂದು ಸಿಕ್ಕಿಬೀಳುತ್ತದೆ. ಮುಂದೆ ಗಾಜು, ಹಿಂದೆ ಬೆನ್ನಟ್ಟಿದ್ದು, ಉಳಿದದ್ದು ಮೇಲಿನ ದಾರಿ. ಫಿಲ್ಟರಿನ ನೀರು ಬೀಳುವುದೂ ಸಾಮಾನ್ಯವಾಗಿ ಅದೇ ಮೂಲೆಗೆ. ಹರಿವಿಗೆ ಎದುರಾಗಿ ಈಜುವ ಡಾನಿಯೋದಂಥ ಮೀನು ದಿನವಿಡೀ ಅಲ್ಲೇ ಸುಳಿದಾಡುತ್ತಿರುತ್ತವೆ.

ಯಾವ ಮೀನಿಗೆ ಎಷ್ಟು ಬಿಗಿ

ಹ್ಯಾಚೆಟ್, ಕಿಲ್ಲಿ, ಡಾನಿಯೋ, ಅರೋವಾನಾ ಇವುಗಳಿಗೆ ಹಾರುವುದು ಹುಟ್ಟುಗುಣ. ಅರೋವಾನಾ ಕಾಡಿನ ನದಿಯಲ್ಲಿ ಮೇಲೆ ಬಾಗಿದ ಕೊಂಬೆಯ ಮೇಲಿನ ಹುಳವನ್ನು ಜಿಗಿದು ಹಿಡಿಯುವ ಮೀನು. ಅದಕ್ಕೆ ಹಗುರ ಮುಚ್ಚಳ ಹಾಕಿದರೆ ಎತ್ತಿ ಒಗೆಯುತ್ತದೆ, ಕ್ಲಿಪ್ ಅಥವಾ ಭಾರ ಬೇಕೇ ಬೇಕು. ಫೈಟರ್ ಮೀನು ಅಂಗಡಿಯ ಸಣ್ಣ ಡಬ್ಬಿಯಲ್ಲಿ ಸುಮ್ಮನೆ ಕೂತಿರುತ್ತದೆ ಎಂದು ನಂಬಬೇಡಿ, ಅದೂ ಚೆನ್ನಾಗಿ ಜಿಗಿಯುತ್ತದೆ. ಹಾವುಮೀನಿನಂಥ ಉದ್ದ ಮೈಯವು ಜಿಗಿಯುವುದಕ್ಕಿಂತ ಹೆಚ್ಚಾಗಿ ನೂಕಿ, ಜಾರಿ ಹೊರಬರುತ್ತವೆ. ಗೋಲ್ಡ್ ಫಿಶ್ ಹಾರುವುದು ಅಪರೂಪ.

ಲೆಕ್ಕ ಸರಳ: ತಲೆ ತೂರಿದರೆ ಮೈ ತೂರುತ್ತದೆ. ಸಣ್ಣ ಮೀನಿನ ಟ್ಯಾಂಕಿನಲ್ಲಿ ಯಾವ ಸಂದಿಯೂ 3 ಎಂಎಂ ದಾಟಬಾರದು. ಬಡಿಗರ ಮಾತಿನಲ್ಲಿ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ.

2 ಅಡಿ ಟ್ಯಾಂಕಿಗೆ ಗಾಜಿನ ಮುಚ್ಚಳ

ಹೊರ ಅಳತೆ 61 × 30.5 ಸೆಂ.ಮೀ., ಗಾಜು 5 ಎಂಎಂ ಇದ್ದರೆ ಒಳ ಅಳತೆ 60 × 29.5 ಸೆಂ.ಮೀ. ಆಗುತ್ತದೆ. ಇದು ಕಾಗದದ ಮೇಲಿನ ಮಾತು. ಕೈಯಿಂದ ಅಂಟಿಸಿದ ಟ್ಯಾಂಕು ಒಂದೆರಡು ಎಂಎಂ ಓರೆ ಇದ್ದೇ ಇರುತ್ತದೆ. ಉದ್ದವನ್ನು ಹಿಂದೆ, ನಡುವೆ, ಮುಂದೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಿರಿ. ಅದು 60 ಬಂದರೆ, ಎರಡೂ ಬದಿಗೆ 2 ಎಂಎಂ ಬಿಟ್ಟು 59.6 ಸೆಂ.ಮೀ. ಉದ್ದ ಕತ್ತರಿಸಲು ಹೇಳಿ.

ಅಗಲವನ್ನು ಎರಡು ತುಂಡು ಮಾಡಿ: ಹಿಂದಿನದು 17 ಸೆಂ.ಮೀ., ಮುಂದಿನದು 12 ಸೆಂ.ಮೀ. ಹಿಂದಿನದು ಕದಲದೆ ಕೂರುತ್ತದೆ, ಮುಂದಿನದನ್ನು ಎತ್ತಿ ಊಟ ಹಾಕುತ್ತೀರಿ. ಒಂದೇ ಹಾಳೆ ಮಾಡಿಸಿದವರು ಊಟ ಹಾಕುವಾಗಲೆಲ್ಲ ಇಡೀ ಟ್ಯಾಂಕು ತೆರೆಯಬೇಕಾಗುತ್ತದೆ, ಕೊನೆಗೆ ಬೇಸತ್ತು ಅರ್ಧ ಸರಿಸಿಯೇ ಬಿಡುತ್ತಾರೆ. ದಪ್ಪ 4 ಎಂಎಂ ಸಾಕು. ಗಾಜು ಒಂದು ಚದರ ಮೀಟರಿಗೆ ಪ್ರತಿ ಎಂಎಂ ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ, ಈ ಲೆಕ್ಕದಲ್ಲಿ ಎರಡೂ ತುಂಡು ಸೇರಿ ಸುಮಾರು 1.7 ಕೆ.ಜಿ. ಸಣ್ಣ ಮೀನು ಇದನ್ನು ಎತ್ತಲಾರದು. ಅಂಚು ಉಜ್ಜಿಸಿಕೊಂಡೇ ತನ್ನಿ, ಇಲ್ಲದಿದ್ದರೆ ಮೊದಲ ವಾರವೇ ಬೆರಳು ಕೊಯ್ದುಕೊಳ್ಳುತ್ತೀರಿ.

ಪೈಪಿನ ಜಾಗಕ್ಕೆ ಹಿಂದಿನ ತುಂಡಿನ ಒಂದು ಮೂಲೆಯನ್ನು 4 × 4 ಸೆಂ.ಮೀ. ಓರೆಯಾಗಿ, ತ್ರಿಕೋನದಂತೆ ಕತ್ತರಿಸಿ. ಚೌಕ ಕಚ್ಚು ಕೇಳಬೇಡಿ, ಅದರ ಒಳಮೂಲೆಯಿಂದಲೇ ಗಾಜು ಸೀಳುತ್ತದೆ. ಪೈಪು, ವೈರು ಇಳಿಸಿದ ಮೇಲೆ ಉಳಿದ ಜಾಗಕ್ಕೆ ಫಿಲ್ಟರಿನ ಒರಟು ಸ್ಪಂಜನ್ನು ಸ್ವಲ್ಪ ದೊಡ್ಡದಾಗಿ ಕತ್ತರಿಸಿ ತುರುಕಿ. ಗಾಳಿ ಆಡುತ್ತದೆ, ಮೀನು ತೂರುವುದಿಲ್ಲ. ಇಡೀ ಕೆಲಸದಲ್ಲಿ ಜನ ಬಿಟ್ಟುಬಿಡುವುದು ಈ ಎರಡು ರೂಪಾಯಿಯ ಸ್ಪಂಜನ್ನೇ.

ಮುಚ್ಚಳ ಕೂರಲು ಎಡ, ಬಲ ಗೋಡೆಯ ಒಳಮೈಗೆ, ಅಂಚಿನಿಂದ ಒಂದು ಇಂಚು ಕೆಳಗೆ, 29 × 2 ಸೆಂ.ಮೀ. ಗಾಜಿನ ಪಟ್ಟಿ ಅಂಟಿಸಬೇಕು. ಮುಚ್ಚಳ ಒಳಗೆ ಕೂತರೆ ಅದರಿಂದ ಇಳಿಯುವ ಹನಿ ಟ್ಯಾಂಕಿಗೇ ಬೀಳುತ್ತದೆ. ಅಂಚಿನ ಮೇಲೆ ಇಟ್ಟರೆ ಹೊರಗೋಡೆಯ ಮೇಲೆ ಇಳಿದು ಸ್ಟ್ಯಾಂಡಿನ ಪ್ಲೈವುಡ್ಡನ್ನು ಉಬ್ಬಿಸುತ್ತದೆ. ಸಿಲಿಕೋನ್ ಕೊಳ್ಳುವಾಗ ಬಚ್ಚಲುಮನೆಗೆಂದು ಮಾರುವ, ಬೂಸ್ಟು ತಡೆಯುವ ಔಷಧ ಸೇರಿದ ಟ್ಯೂಬ್ ಬೇಡ, ಮೀನಿಗೆ ವಿಷ. ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ, ಅಂಟಿಸಿ, 48 ಗಂಟೆ ಬಿಡಿ. ವಿನೆಗರ್ ವಾಸನೆ ಪೂರ್ತಿ ಹೋಗಬೇಕು. ಮೀನಿರುವ ಟ್ಯಾಂಕಿನಲ್ಲಿ ಈ ಅಂಟಿನ ಕೆಲಸ ಮಾಡಬೇಡಿ. ಅಂಚಿಗೆ ಸಿಕ್ಕಿಸುವ ಕ್ಲಿಪ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಬಳಸಿ.

ನೀರಿನ ಮಟ್ಟ ಮುಚ್ಚಳಕ್ಕಿಂತ 3 ಸೆಂ.ಮೀ. ಆದರೂ ಕೆಳಗಿರಲಿ. ಫೈಟರ್, ಗೌರಾಮಿ ಮೇಲೆ ಬಂದು ಗಾಳಿ ನುಂಗುವ ಮೀನು. ನೀರು ಗಾಜಿಗೆ ತಾಗಿದರೆ ಅವಕ್ಕೆ ಉಸಿರಿಲ್ಲ.

ಅಕ್ರಿಲಿಕ್ ಹಾಳೆ ಹಗುರ, ನೋಡಲು ಚಂದ, ಆದರೆ ಕೆಳಮೈ ತೇವ ಹೀರಿ ಕೆಲ ವಾರಗಳಲ್ಲಿ ಬಾಗುತ್ತದೆ. ಬಾಗಿದಲ್ಲಿ ಹೊಸ ಸಂದಿ. ಒಳಗೆ ಟೊಳ್ಳಿರುವ ಪಾಲಿಕಾರ್ಬೊನೇಟ್ ಹಾಳೆ ಇದಕ್ಕಿಂತ ವಾಸಿ.

ಜಾಲರಿ

ಬೇಸಿಗೆಗೆ ನಮ್ಮ ಆಯ್ಕೆ ಜಾಲರಿಯೇ. ಹುಬ್ಬಳ್ಳಿ, ಗದಗ ಭಾಗದ ಏಪ್ರಿಲ್ ಗಾಳಿ ಒಣಗಾಳಿ. ನೀರು ಆರುತ್ತಾ ಟ್ಯಾಂಕನ್ನು ತಣ್ಣಗಿಡುತ್ತದೆ, ಗಾಜು ಹಾಕಿದರೆ ಆ ಲಾಭ ತಪ್ಪುತ್ತದೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಕೊಡುವವರಿಗೆ ಒಳ ಅಳತೆ ಕೊಟ್ಟರೆ ಅಲ್ಯುಮಿನಿಯಂ ಚೌಕಟ್ಟಿಗೆ ಫೈಬರ್ ಜಾಲರಿ ಬಿಗಿದು, ರಬ್ಬರ್ ಬೀಡಿಂಗ್ ಹಾಕಿ ಕೊಡುತ್ತಾರೆ. ಕಬ್ಬಿಣದ ಜಾಲರಿ ತುಕ್ಕು ಹಿಡಿಯುತ್ತದೆ. ಸತುವಿನ ಲೇಪದ್ದಂತೂ ಬೇಡ, ಹನಿಯ ಜೊತೆ ಸತುವು ನೀರಿಗಿಳಿದು ಮೀನಿಗೆ ಕೆಡುಕು. ನೀರು ಆರುವ ಲೆಕ್ಕ ಇಟ್ಟುಕೊಳ್ಳಿ: ಈ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ 1.8 ಲೀಟರ್ ಹೋದಂತೆ. ಡಿಸೆಂಬರಿನ ಧಾರವಾಡದ ರಾತ್ರಿಗೆ ಮತ್ತೆ ಗಾಜು. ಎರಡನ್ನೂ ಒಂದೇ ಅಳತೆಯಲ್ಲಿ ಮಾಡಿಸಿದರೆ ಅದೇ ಪಟ್ಟಿಯ ಮೇಲೆ ಕೂರುತ್ತವೆ.

ಮುಚ್ಚಿದರೆ ಉಸಿರು ಕಟ್ಟುತ್ತದೆಯೇ?

ಇಲ್ಲ. ಏರ್ ಪಂಪು ಹೊರಗಿನ ಗಾಳಿಯನ್ನೇ ಒಳಗೆ ತಳ್ಳುತ್ತದೆ, ಸ್ಪಂಜಿನ ಮೂಲೆಯಿಂದ ಅದು ಹೊರಹೋಗುತ್ತದೆ. ತೊಂದರೆ ಬರುವುದು ಕರೆಂಟ್ ಹೋದಾಗ, ಅದೂ ಬಿಸಿಲಿನ ದಿನ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 32 ಡಿಗ್ರಿಯಲ್ಲಿ ಸುಮಾರು 7.3. ನಮ್ಮ ಊರುಗಳು ಎತ್ತರದಲ್ಲಿರುವುದರಿಂದ ಇನ್ನಷ್ಟು ಕಡಿಮೆ. ಬ್ಯಾಟರಿ ಪಂಪು ಇಟ್ಟುಕೊಂಡಿರಿ.

ಹಳೆಯ, ಹೊಂದಿಕೊಂಡ ಟ್ಯಾಂಕಿನ ಮೀನು ಒಮ್ಮೆಲೇ ಮುಚ್ಚಳಕ್ಕೆ ಬಡಿಯತೊಡಗಿದರೆ ಮುಚ್ಚಳವನ್ನು ಹೊಗಳಿ ಸುಮ್ಮನಾಗಬೇಡಿ, ನೀರು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೀರು ಬದಲಿಸಿದ ಮರುಗಳಿಗೆಯೇ ಜಿಗಿದರೆ ಕ್ಲೋರಿನ್ ಮೇಲೆ ಅನುಮಾನ ಪಡಿ. ಹುಬ್ಬಳ್ಳಿ-ಧಾರವಾಡದ ಮಲಪ್ರಭಾ ನಳದ ನೀರು ಬಂದ ದಿನವೇ ಹಾಕುವ ಬದಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಆ್ಯಂಟಿ-ಕ್ಲೋರಿನ್ ಹನಿ ಬಳಸಿ. ನಳದ ನೀರಿಗೆ ಹೊಂದಿಕೊಂಡ ಮೀನಿಗೆ ಒಮ್ಮೆಲೇ ಅರ್ಧ ಟ್ಯಾಂಕು ಬೋರಿನ ಗಡಸು ನೀರು ಸುರಿದರೂ ಹೀಗೇ ಆಗುತ್ತದೆ. ಬೋರಿನ ಹನಿ ಒಣಗಿ ಗಾಜಿನ ಮೇಲೆ ಕೂತ ಬಿಳಿ ಸುಣ್ಣಕ್ಕೆ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ, ನೀರಿನಿಂದ ತೊಳೆದು ಹಾಕಿ.

ಹೊಸ ಮೀನು ತಂದ ಮೊದಲ ಮೂರು ದಿನ ಲೈಟ್ ಕಡಿಮೆ ಇರಲಿ, ಮೇಲೆ ಅಂತರಗಂಗೆಯಂಥ ತೇಲುವ ಗಿಡವಿದ್ದರೆ ಇನ್ನೂ ಒಳ್ಳೆಯದು (ಕೆರೆಯಿಂದ ಕಿತ್ತು ತರಬೇಡಿ, ಬಸವನಹುಳ, ಜಿಗಣೆ ಜೊತೆಗೇ ಬರುತ್ತವೆ). ಕತ್ತಲಲ್ಲಿ ಟ್ಯಾಂಕಿನ ಲೈಟನ್ನು ಒಮ್ಮೆಲೇ ಹಾಕಬಾರದು. ಮೊದಲು ಕೋಣೆಯ ದೀಪ, ಐದು ನಿಮಿಷದ ನಂತರ ಟ್ಯಾಂಕಿನದು. ಗಣಪತಿ ಮೆರವಣಿಗೆಯ ಡಿಜೆ ಮನೆ ಮುಂದೆ ಹಾದುಹೋಗುವ ರಾತ್ರಿ ಗೋಡೆ, ಸ್ಟ್ಯಾಂಡು ಎರಡೂ ನಡುಗುತ್ತವೆ. ಅಂದು ಸಂಜೆಯೇ ಮುಂದಿನ ತುಂಡು ಸರಿಯಾಗಿ ಕೂತಿದೆಯೇ, ಸ್ಪಂಜು ಜಾಗದಲ್ಲಿದೆಯೇ ಎಂದು ಕೈಯಾಡಿಸಿ ನೋಡಿ.

ಇಷ್ಟಾಗಿಯೂ ಮೀನು ನೆಲಕ್ಕೆ ಬಿದ್ದಿದ್ದು ಕಂಡರೆ ಒಣಗಿದೆ ಎಂದು ಬಿಸಾಕುವ ಮೊದಲು ಕಿವಿರು ನೋಡಿ. ಅದು ಇನ್ನೂ ತೇವವಾಗಿದ್ದರೆ ಕೈ ಒದ್ದೆ ಮಾಡಿಕೊಂಡು ಎತ್ತಿ. ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ಡಬ್ಬಿಗೆ ಹಾಕಿ, ಏರ್ ಪಂಪಿನ ಗುಳ್ಳೆ ಬಿಡುವ ಗಾಳಿಯ ಕಲ್ಲು ಇಳಿಸಿ, ಲೀಟರಿಗೆ 1 ಗ್ರಾಂನಂತೆ ಅಯೋಡಿನ್ ಇಲ್ಲದ ಕಲ್ಲುಪ್ಪು ಸೇರಿಸಿ. ಆ ಡಬ್ಬಿಗೂ ಮುಚ್ಚಳ ಹಾಕಿ.