ಕಡಲು ಪಕ್ಕದಲ್ಲೇ ಇದ್ದರೂ ಮಂಗಳೂರಿನ ಗಾಳಿ ಚಳಿಗಾಲದಲ್ಲಿ ಯಾಕೆ ಮಬ್ಬು?

ಪ್ರಶ್ನೆ: ನಮ್ಮ ಮನೆಯಿಂದ ಕಡಲಿಗೆ ಬರೀ ಐದು ಕಿಲೋಮೀಟರ್. ಆದರೂ ಡಿಸೆಂಬರ್ ಬಂತೆಂದರೆ ಬೆಳಗ್ಗೆ ಮಬ್ಬು, ಮೂಗಿಗೆ ಹೊಗೆ ವಾಸನೆ, ಮೊಬೈಲಿನಲ್ಲಿ ಎಕ್ಯುಐ (ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಸಂಖ್ಯೆ) ಕೂಡ ಜಾಸ್ತಿ. ಕಡಲ ತಡಿಯ ಊರಲ್ಲಿ ಗಾಳಿ ಚೆನ್ನಾಗಿರಬೇಕಲ್ವಾ?

ದೆಹಲಿ ಕಡೆಯ ಊರುಗಳಿಗೆ ಹೋಲಿಸಿದರೆ ನಾವು ಪುಣ್ಯವಂತರು, ಅದು ನಿಜ. ಆದರೆ ಕಡಲು ಹತ್ತಿರ ಇದೆ ಅಂದ ಮಾತ್ರಕ್ಕೆ ಗಾಳಿ ತನ್ನಷ್ಟಕ್ಕೆ ಶುದ್ಧವಾಗುವುದಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತಿದೆ, ಎಷ್ಟು ಜೋರಾಗಿದೆ, ಹೊಗೆಗೆ ಮೇಲೇರಲು ಜಾಗ ಇದೆಯಾ, ಎಲ್ಲ ನಿಂತಿರುವುದು ಇದರ ಮೇಲೆ.

ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡರಲ್ಲೂ ನಿಧಾನ. ಬಿಸಿಲೇರಿದಾಗ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲಿಂದ ಪಡುಗಾಳಿ ನುಗ್ಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ತೆಂಗಿನ ಗರಿಗಳು ಗಟ್ಟದ ಕಡೆಗೆ ತೂಗುವುದು ಇದಕ್ಕೇ. ರಾತ್ರಿ ಉಲ್ಟಾ. ಆರಿದ ನೆಲದಿಂದ ಮೆಲ್ಲಗೆ ಮೂಡುಗಾಳಿ ಹೊರಟು ಕಡಲಿಗೆ ಜಾರುತ್ತದೆ, ಜೊತೆಗೆ ಊರಿನ ಹೊಗೆಯೂ ಹೋಗುತ್ತದೆ. ಹೋಯಿತಲ್ಲ, ಪೀಡೆ ತೊಲಗಿತು ಅಂತ ಅನ್ನಿಸಬಹುದು. ಆದರೆ ಕಡಲು ಹೊಗೆಯನ್ನು ನುಂಗುವುದಿಲ್ಲ. ಗಾಳಿ ಮಂದವಾಗಿದ್ದ ದಿನ ಅದು ನೀರಿನ ಮೇಲೆಯೇ ತೇಲಿಕೊಂಡಿದ್ದು, ಮರುದಿನ ಪಡುಗಾಳಿ ಎದ್ದಾಗ ಒಂದಷ್ಟು ವಾಪಸ್ ಬರುತ್ತದೆ. ಪಣಂಬೂರಿನ ಬಂದರು, ಬೈಕಂಪಾಡಿಯ ಕಾರ್ಖಾನೆಗಳೆಲ್ಲ ಕಡಲಿಗೆ ಹತ್ತಿರವೇ ಇರುವುದರಿಂದ ಹಗಲು ಅಲ್ಲಿನ ಹೊಗೆ, ದೂಳು ಹೋಗುವುದು ಮೂಡುದಿಕ್ಕಿನ ಮನೆಗಳ ಕಡೆಗೆ.

ಇನ್ನು ನಿಮ್ಮ ಡಿಸೆಂಬರ್ ಮಬ್ಬಿನ ವಿಷಯ. ಅದನ್ನು ಕಣ್ಣಾರೆ ನೋಡಬೇಕೆಂದರೆ ಬಚ್ಚಲ ಒಲೆ ಇನ್ನೂ ಉರಿಯುವ ಮನೆಗೆ ಹೋಗಿ. ನಮ್ಮ ಅಜ್ಜಿ ಮನೆಯಲ್ಲಿ ಬೆಳಗ್ಗೆ ಆರೂವರೆಗೆ ಹಂಡೆಯಡಿ ತೆಂಗಿನ ಸಿಪ್ಪೆ ತುರುಕಿ ಬೆಂಕಿ ಹಾಕಿದರೆ, ಹೊಗೆ ಹಂಚಿನ ಸಂದಿಯಿಂದ ಹೊರಬಿದ್ದು, ಅಡಿಕೆ ಮರದ ತುದಿಯಷ್ಟು ಎತ್ತರಕ್ಕೆ ನೆಟ್ಟಗೆ ಹೋಗಿ, ಅಲ್ಲಿಗೇ ನಿಂತು, ತೋಟದ ಮೇಲೆ ಚಾಪೆ ಬಿಡಿಸಿದ ಹಾಗೆ ಹರಡಿಕೊಳ್ಳುತ್ತದೆ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಗಾಳಿ ತಂಪು. ಮೋಡವಿಲ್ಲದ ಚಳಿಗಾಲದ ರಾತ್ರಿ ಮಾತ್ರ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದ ಹಾಗೆ ಕೂತುಬಿಡುತ್ತದೆ. ತಣ್ಣನೆ ಗಾಳಿ ಭಾರ. ಅದು ಗುಡ್ಡೆಯಿಂದ ಇಳಿದು ಬೈಲಿನಲ್ಲಿ ನಿಲ್ಲುತ್ತದೆ. ನಮ್ಮೂರೋ ಬರೀ ಗುಡ್ಡೆ, ಬೈಲು! ಹಾಗಾಗಿ ಗುಡ್ಡೆಯ ಮೇಲಿನ ಮನೆಯಲ್ಲಿ ಆಕಾಶ ತಿಳಿಯಾಗಿರುವಾಗ ಕೆಳಗಿನ ಬೈಲಿನ ಮನೆಯವರು ಕೆಮ್ಮುತ್ತಿರುತ್ತಾರೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ ಎಲ್ಲ ಆ ಮುಚ್ಚಳದಡಿಯೇ. ಒಂಬತ್ತು, ಹತ್ತು ಗಂಟೆಯ ಬಿಸಿಲಿಗೆ ನೆಲ ಕಾದ ಮೇಲೆ ಮುಚ್ಚಳ ತೆರೆಯುತ್ತದೆ.

ಎಲ್ಲವೂ ನಮ್ಮದೇ ಹೊಗೆ ಅಲ್ಲ, ಅದನ್ನೂ ಹೇಳಬೇಕು. ಚಳಿಗಾಲದಲ್ಲಿ ದೊಡ್ಡ ಗಾಳಿ ಬೀಸುವುದು ಈಶಾನ್ಯದಿಂದ, ಅಂದರೆ ದೇಶದ ಒಳನಾಡಿನ ಮೇಲಿಂದ. ಅದು ಹೊತ್ತು ತರುವ ಹೊಗೆ ನಮ್ಮನ್ನು ದಾಟಿ ಎಷ್ಟು ದೂರ ಹೋಗುತ್ತದೆ ಅಂದರೆ, 1999ರಲ್ಲಿ ಇಂಡೋಯೆಕ್ಸ್ ಎಂಬ ದೊಡ್ಡ ಅಧ್ಯಯನಕ್ಕೆ ಬಂದ ವಿಜ್ಞಾನಿಗಳು ಮಾಲ್ಡೀವ್ಸ್‌ನ ಆಕಾಶದಲ್ಲೂ ಅದನ್ನು ಅಳೆದರು. ಇದರ ಜೊತೆ ನಮ್ಮ ತೇವ. ಹೊಗೆಯ ಕಣ ನೀರು ಹೀರಿ ಉಬ್ಬುತ್ತದೆ, ಮಬ್ಬು ಇನ್ನೂ ದಟ್ಟವಾಗಿ ಕಾಣುತ್ತದೆ.

ಮಾರ್ಚಿನಿಂದ ಪಡುಗಾಳಿಗೆ ಜೋರು ಬರುತ್ತದೆ, ಹೊಗೆ ಚೆದುರುತ್ತದೆ. ಆಗಿನ ಕಾಟ ಕೆಂಪು ದೂಳು. ರಸ್ತೆ ಬದಿಯ ಹಲಸಿನ ಎಲೆ ಒಂದನ್ನು ಬೆರಳಲ್ಲಿ ಒರೆಸಿದರೆ ಗೊತ್ತಾಗುತ್ತದೆ. ಜೂನಿನಲ್ಲಿ ಎಲ್ಲ ತೊಳೆದುಹೋಗುತ್ತದೆ. ಸಾವಿರಾರು ಕಿಲೋಮೀಟರ್ ಬರೀ ಕಡಲ ಮೇಲೆ ಬಂದ ಗಾಳಿ, ಜೊತೆಗೆ ಆ ಮಳೆ. ವರ್ಷದ ಅತ್ಯಂತ ಒಳ್ಳೆಯ ಹೊರಗಾಳಿ ಆಗಲೇ. ಒಳಗೆ ಮಾತ್ರ ಹಾಗಲ್ಲ: ಮುಚ್ಚಿದ ಕಿಟಕಿ, ಒಣಗದ ಬಟ್ಟೆ, ಗೋಡೆಯ ಬೂಷ್ಟು. ಅಸ್ತಮಾ ಇರುವವರು ಮಳೆಗಾಲದಲ್ಲಿ ಅಳೆಯಬೇಕಾದ್ದು ಮನೆಯೊಳಗಿನ ಗಾಳಿಯನ್ನು.

ಮೊಬೈಲಿನ ಸಂಖ್ಯೆಯ ಬಗ್ಗೆ ಒಂದು ಮಾತು. ನಮ್ಮ ದೇಶದ ಲೆಕ್ಕದಲ್ಲಿ ಎಕ್ಯುಐ 100ರವರೆಗೆ 'ತೃಪ್ತಿಕರ'. ಪಿಎಂ 2.5ಕ್ಕೆ, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳಿಗೆ, ಅದು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ. ಅದೇ ದಿನದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಹಾಗಾಗಿ ಎಕ್ಯುಐ 90 ಕಂಡರೆ ಸಮಾಧಾನ ಪಡಬೇಡಿ, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರಂತೂ ಬೇಡವೇ ಬೇಡ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಮ್ಮ ಬೆಳಗ್ಗೆ ಆರು ಗಂಟೆಯ ವಾಕಿಂಗ್ ಅನ್ನು ಸಂಜೆ ನಾಲ್ಕೂವರೆ ಗಂಟೆಗೆ ಬದಲಾಯಿಸಿ, ಆಗ ಪಡುಗಾಳಿ ಇನ್ನೂ ಬೀಸುತ್ತಿರುತ್ತದೆ. ಮತ್ತೆ, ಅಂಗಳ ಗುಡಿಸಿದ ತರಗೆಲೆಗೆ ಬೆಂಕಿ ಕೊಡಬೇಡಿ. ಬೆಳಗಿನ ಹೊತ್ತು ಆ ಹೊಗೆ ನಿಮ್ಮ ಬೈಲು ಬಿಟ್ಟು ಎಲ್ಲೂ ಹೋಗುವುದಿಲ್ಲ. ಸುಮ್ನೆ ತೆಂಗಿನ ಬುಡಕ್ಕೆ ಹಾಕಿ, ಮಳೆಗಾಲ ಮುಗಿಯುವುದರೊಳಗೆ ಗೊಬ್ಬರವಾಗಿರುತ್ತದೆ.